ಕರೆಂಟ್ ದರದ ವಿಚಾರಣೇಲಿ ನಾವೂ ಕಕ್ಷಿದಾರ ಆಗಬಹುದಾ? (ಚಳ್ಳಕೆರೆ, ಎಣ್ಣೆ ಮಿಲ್ಲು)

ಗಾಣದಮನೆ, ಚಳ್ಳಕೆರೆ

ನಮ್ದು ಸಣ್ಣ ಎಣ್ಣೆ ಮಿಲ್ಲು, ಅಪ್ಪನ ಕಾಲದ್ದು. ಎರಡು ಎಕ್ಸ್‌ಪೆಲ್ಲರ್, ಒಂದು ಕಾಯಿ ಒಡೆಯೋ ಮಿಷನ್ನು, ಒಟ್ಟು 40 ಎಚ್‌ಪಿ ಲೋಡು. ಚಳ್ಳಕೆರೆ ಅಂದ್ರೆ ಎಣ್ಣೆ ಅನ್ನೋ ಕಾಲದಲ್ಲಿ ವರ್ಷಪೂರ್ತಿ ಓಡ್ತಿತ್ತು. ಈಗ ಶೇಂಗಾ ಬಂದ್ರೆ ನವೆಂಬರಿಂದ ಮಾರ್ಚ್ ತನಕ. ಮಳೆ ಕೈಕೊಟ್ಟ ವರ್ಷ ಅಷ್ಟೂ ಇಲ್ಲ.

ಮಿಲ್ಲು ನಿಂತ್ರೂ ಬಿಲ್ಲು ನಿಲ್ಲಲ್ಲ. ಎಚ್‌ಪಿ ಲೆಕ್ಕದ ನಿಗದಿತ ಶುಲ್ಕ ತಿಂಗಳು ತಿಂಗಳು ಬರ್ತಾನೇ ಐತೆ. ಹೋದ ಜುಲೈ ಬಿಲ್ಲಲ್ಲಿ ಸುಟ್ಟಿದ್ದು 11 ಯೂನಿಟ್ಟು, ಕಟ್ಟಿದ್ದು ಮಾತ್ರ ಪೂರಾ 40 ಎಚ್‌ಪಿಗೆ. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಅಂತ ಯೂನಿಟ್ಟಿಗೆ 36 ಪೈಸೆ ಸೇರಿಸಿದಾಗ ಊರೆಲ್ಲ ಬೈದ್ರು. ನಾನು ಬೈಲಿಲ್ಲ. ಓಡದೇ ಇರೋ ಮಿಲ್ಲಿಗೆ ಪೈಸೆ ಲೆಕ್ಕ ಯಾಕೆ?

ಹಿಂದೊಂದು ಸಾರಿ ಪೇಪರಲ್ಲಿ, ವಿದ್ಯುತ್ ಕಂಪನಿ ದರ ನಿಗದಿ ಮಾಡೋ ವಿದ್ಯುತ್ ನಿಯಂತ್ರಣ ಆಯೋಗಕ್ಕೆ (ಕೆಇಆರ್‌ಸಿ) ಹಾಕಿದ ದರ ಅರ್ಜಿಯ ಪ್ರಕಟಣೆ ನೋಡಿ ಎರಡು ಪುಟ ಬರೆದು, ಇಲ್ಲೇ ಬಿಲ್ ಕಟ್ಟೋ ಆಫೀಸಿಗೆ ಕೊಟ್ಟು ಸೀಲು ಹಾಕಿಸ್ಕೊಂಡು ಬಂದೆ. ಆದೇಶದಲ್ಲಿ ನನ್ನ ಸುದ್ದಿನೇ ಇಲ್ಲ. ತಪ್ಪು ನಂದೇ. ಪ್ರಕಟಣೆಯ ಕೆಳಗಡೆ ಆಯೋಗದ ಕಾರ್ಯದರ್ಶಿ ವಿಳಾಸ ಇತ್ತು, ನಾನು ಓದಿದ್ದು ಮೇಲಿನ ಅರ್ಧ. ಆ ಸೀಲು ಹೊಡೆದ ಕಾಗದಾನ ಇನ್ನೂ ಬೀರುವಿನಲ್ಲಿ ಇಟ್ಟಿದೀನಿ, ಯಾಕೋ ಗೊತ್ತಿಲ್ಲ.

ಈ ಸಾರಿ ಸರಿಯಾಗಿ ಹೋಗ್ಬೇಕು. ವಕೀಲರು ಬೇಕೇ ಬೇಕಾ? ಸಂಘ ಇದ್ರೆ ಮಾತ್ರ ಬಿಡ್ತಾರೆ ಅಂತ ಒಬ್ರು ಅಂತಾರೆ, ‘ಇಂಪ್ಲೀಡಿಂಗ್’ ಹಾಕ್ಬೇಕು ಅಂತ ಇನ್ನೊಬ್ರು. ಐದು ನಿಮಿಷ ಮಾತಾಡೋಕೆ ಬೆಂಗಳೂರಿಗೆ 200 ಕಿಲೋಮೀಟರ್ ಹೋಗೋದು ದಂಡಾನಾ?

ಸುಮ್ನೆ ಓದೋನು, ಹಿರಿಯೂರು

ದಂಡ. ದರ ಏರೋದು ಏರೇ ಏರುತ್ತೆ, ನೀವು ಹೋದ್ರೂ ಅಷ್ಟೇ, ಬಿಟ್ರೂ ಅಷ್ಟೇ. ತಾಕತ್ತಿದ್ರೆ ಹೈಕೋರ್ಟಲ್ಲಿ ರಿಟ್ ಹಾಕಿ.

ಕಪ್ಪುಕೋಟು, ದಾವಣಗೆರೆ

ರಿಟ್ ಮಾತು ಸದ್ಯಕ್ಕೆ ಬಿಡಿ. ಆಯೋಗಕ್ಕೇ ಹೋಗದವರನ್ನು ಹೈಕೋರ್ಟು ಮೊದಲು ಕೇಳೋದೇ ಅದನ್ನ.

ದರ ಅರ್ಜಿಗೂ ಉಳಿದ ಅರ್ಜಿಗಳಿಗೂ ವ್ಯತ್ಯಾಸ ಇದೆ. ನಮ್ಮ ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಗೂ ವಿದ್ಯುತ್ ಕಂಪನಿಗೂ ಖರೀದಿ ದರದ ತಕರಾರು ಬಂತು ಅನ್ಕೊಳ್ಳಿ. ಅದು ಇಬ್ಬರ ವ್ಯಾಜ್ಯ. ಅದರಲ್ಲಿ ಮೂರನೆಯವರು ತಲೆ ಹಾಕಬೇಕಾದ್ರೆ ಮಧ್ಯಂತರ ಅರ್ಜಿ ಹಾಕಿ, ಈ ಆದೇಶದಿಂದ ನನಗೇನು ನಷ್ಟ ಅಂತ ತೋರಿಸಿ, ಪ್ರತಿವಾದಿಯಾಗಿ ಸೇರಬೇಕು. ಅದೇ ಇಂಪ್ಲೀಡಿಂಗ್. ಸೇರಿಸಿಕೊಂಡ್ರೆ ಎಲ್ಲ ಕಾಗದದ ಪ್ರತಿ ನಿಮಗೂ ಬರುತ್ತೆ. ಬರೀ ಮಧ್ಯಪ್ರವೇಶ ಅಂದ್ರೆ ಮಾತಾಡೋಕೆ ಅವಕಾಶ ಕೊಡ್ತಾರೆ, ಕಕ್ಷಿದಾರರ ಪಟ್ಟೀಲಿ ಹೆಸರು ಬರಲ್ಲ.

ದರ ಅರ್ಜಿಗೆ ಇದ್ಯಾವುದೂ ಬೇಡ. 2003ರ ವಿದ್ಯುತ್ ಕಾಯ್ದೆ ಕಲಂ 64ರ ಪ್ರಕಾರ ಕಂಪನಿ ತನ್ನ ಅರ್ಜಿಯ ಸಾರಾಂಶ ಪ್ರಕಟಿಸಲೇಬೇಕು, ಸಾರ್ವಜನಿಕರ ಸಲಹೆ-ಆಕ್ಷೇಪಣೆ ಎಲ್ಲ ಪರಿಶೀಲಿಸಿ ಆಯೋಗ 120 ದಿನದೊಳಗೆ ಆದೇಶ ಕೊಡಬೇಕು. ‘ಸಾರ್ವಜನಿಕರು’ ಅಂದ್ರೆ ನೀವೂ ಬಂದ್ರಿ. ಸಂಘ ಬೇಡ, ವಕೀಲರೂ ಬೇಡ (ನನ್ನ ಹೊಟ್ಟೆಪಾಡಿಗೆ ವಿರುದ್ಧ ಮಾತು, ಇರಲಿ). ಆಕ್ಷೇಪಣೆ ಜೊತೆ ಪ್ರಮಾಣಪತ್ರ (ಅಫಿಡವಿಟ್) ಇರಲಿ. ಗಡುವು, ಪ್ರತಿಗಳ ಲೆಕ್ಕ ಪ್ರಕಟಣೇಲೇ ಇರುತ್ತೆ, ಈ ಸಾರಿ ಕೆಳಗಿನ ಅರ್ಧಾನೂ ಓದಿ. ಒಂದು ಪ್ರತಿ ಕಂಪನಿಗೆ. ಖುದ್ದು ಮಾತಾಡ್ತೀನಿ ಅನ್ನೋದನ್ನ ಆಕ್ಷೇಪಣೆಯಲ್ಲೇ ಒಂದು ಸಾಲು ಬರೀರಿ.

ಹೀಗೆ ಮಾಡಿದ್ರೆ ಕಂಪನಿ ನಿಮಗೆ ಲಿಖಿತ ಉತ್ತರ ಕೊಡಬೇಕಾಗುತ್ತೆ. ಹಳೇ ಆದೇಶ ಒಂದು ತೆಗೆದು ನೋಡಿ: ಆಕ್ಷೇಪಣೆ, ಕಂಪನಿ ಉತ್ತರ, ಆಯೋಗದ ಅಭಿಪ್ರಾಯ, ಮೂರೂ ಒಂದರ ಪಕ್ಕ ಒಂದು ಅಚ್ಚಾಗಿರುತ್ತೆ. ‘ದರ ಏರಿಸಬೇಡಿ, ಬಡವರು ಸಾಯ್ತಾರೆ’ ಅಂದವರಿಗೆ ಅಲ್ಲಿ ಒಂದೇ ಸಾಲಿನ ಉತ್ತರ. ಲೆಕ್ಕ ಇಟ್ಟವರಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು.

ನಿಮ್ಮ ಲೆಕ್ಕ ಕಲಂ 62(3)ರ ಮೇಲೆ ನಿಲ್ಲಲಿ. ಯಾವ ಗ್ರಾಹಕನಿಗೂ ಅನುಚಿತ ಪಕ್ಷಪಾತ ಮಾಡಬಾರದು, ಆದರೆ ಲೋಡ್ ಫ್ಯಾಕ್ಟರ್ (ಪೂರಾ ಲೋಡಲ್ಲಿ ಬಿಡದೆ ಓಡಿದ್ರೆ ಆಗೋ ಬಳಕೆಯಲ್ಲಿ ನಿಜವಾದ ಬಳಕೆ ನೂರಕ್ಕೆ ಎಷ್ಟು ಅನ್ನೋದು), ಒಂದು ಅವಧಿಯ ಬಳಕೆ, ಪೂರೈಕೆ ಬೇಕಾದ ಸಮಯ ಇವನ್ನ ನೋಡಿ ದರದಲ್ಲಿ ಭೇದ ಮಾಡಬಹುದು ಅಂತ ಅದರಲ್ಲೇ ಇದೆ. ಸೀಸನ್ನಿನ ಮಿಲ್ಲಿಗೆ ಇದಕ್ಕಿಂತ ಗಟ್ಟಿ ನೆಲ ಸಿಗಲ್ಲ.

ಬಿಲ್ಲಿನ ತಪ್ಪು, ಮೀಟರ್ ತಪ್ಪು ಅಲ್ಲಿಗೆ ಒಯ್ಯಬೇಡಿ. ಅದಕ್ಕೆ ಗ್ರಾಹಕರ ಕುಂದುಕೊರತೆ ವೇದಿಕೆ ಬೇರೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್. ಆದೇಶ ಒಪ್ಪಿಗೆ ಆಗದಿದ್ರೆ 45 ದಿನದೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಾಧಿಕರಣ, ಕಲಂ 111. ಅಲ್ಲಿಗೆ ಹೋಗುವ ದಿನ ನನಗೆ ಫೋನ್ ಮಾಡಿ, ಅಷ್ಟು ಹೊತ್ತಿಗೆ ವಕೀಲರು ಬೇಕಾಗ್ತಾರೆ.

ಅಕ್ಕಿಗಿರಣಿ, ದಾವಣಗೆರೆ

ನಾನು ಒಂದು ಸಲ ಹೋಗಿದ್ದೆ. ವಸಂತನಗರ, ಮಿಲ್ಲರ್ಸ್ ಟ್ಯಾಂಕ್ ಹತ್ರ. ಬೆಳಗಿನ ಜಾವದ ಬಸ್ಸು, ತುಮಕೂರಲ್ಲಿ ತಟ್ಟೆ ಇಡ್ಲಿ, ಹತ್ತೂವರೆಗೆ ಒಳಗೆ. ಕೋರ್ಟಿನ ಥರ ಕಟಕಟೆ ಗಿಟಕಟೆ ಇಲ್ಲ. ಕನ್ನಡದಲ್ಲೇ ಮಾತಾಡಿದೆ, ಯಾರೂ ಬೇಡ ಅನ್ನಲಿಲ್ಲ. ಪ್ರಸರಣ ನಷ್ಟ, ಬಾಕಿ ವಸೂಲಿ, 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಉಚಿತ ಕರೆಂಟು, ಭತ್ತದ ರೇಟು, ಎಲ್ಲಾ ಒಂದೇ ಉಸಿರಲ್ಲಿ. ಕೊನೆಗೆ ನಿಮ್ಮ ಗಿರಣಿ ಲೋಡ್ ಫ್ಯಾಕ್ಟರ್ ಎಷ್ಟು ಅಂತ ಕೇಳಿದ್ರು. ನನಗೆ ಬಾಯೇ ಬರಲಿಲ್ಲ. ಬಿಲ್ಲುಗಳೆಲ್ಲ ದಾವಣಗೆರೇಲಿ ಅಂಗಡಿ ಗಲ್ಲಾಪೆಟ್ಟಿಗೇಲಿ!

ಲೆಕ್ಕ ಸುಲಭ ಐತಿ. 40 ಎಚ್‌ಪೀನ 0.746ರಿಂದ ಗುಣಿಸಿದ್ರೆ ಹತ್ತತ್ರ 30 ಕಿಲೋವ್ಯಾಟ್. ವರ್ಷಕ್ಕೆ 8,760 ಗಂಟೆ, ಅಂದ್ರೆ 2,62,800 ಯೂನಿಟ್. ನಿಮ್ಮ ಹನ್ನೆರಡು ಬಿಲ್ಲಿನ ಯೂನಿಟ್ ಕೂಡಿಸಿ ಇದರಿಂದ ಭಾಗಿಸಿ.

ಇನ್ನೊಂದು. ದರಪಟ್ಟೀಲಿ ‘ಸೀಸನಲ್ ಇಂಡಸ್ಟ್ರಿ’ ಅನ್ನೋ ಸೌಲಭ್ಯ ಈಗಾಗ್ಲೇ ಐತಿ. ಕೆಲಸದ ತಿಂಗಳು ಯಾವುವು, ಖಾಲಿ ತಿಂಗಳು ಯಾವುವು ಅಂತ ಕಾರ್ಯಪಾಲಕ ಎಂಜಿನಿಯರ್ ಹತ್ರ ಆದೇಶ ಮಾಡಿಸ್ಕೋಬೇಕು. ಎಲೆಕ್ಟ್ರಾನಿಕ್ ಟ್ರೈವೆಕ್ಟರ್ ಮೀಟರ್ (ಯೂನಿಟ್ ಅಷ್ಟೇ ಅಲ್ಲ, ಬೇಡಿಕೆನೂ ಅಳೆಯೋದು) ಇರಬೇಕು. ನೀವು ಅರ್ಜಿ ಕೊಟ್ಟೀರಾ? ಕೊಡದೆ ಹೋದ್ರೆ ಕಂಪನಿ ಎದ್ದು ನಿಂತು, ‘ಸ್ವಾಮಿ, ಇವರು ಕೇಳೋದು ಆಗ್ಲೇ ಐತಿ’ ಅಂದುಬಿಡುತ್ತೆ. ನಿಮ್ಮ ಐದು ನಿಮಿಷ ಅಲ್ಲಿಗೆ ಮುಗೀತು.

ಕಪ್ಪುಕೋಟು, ದಾವಣಗೆರೆ

ಗಿರಣಿಯವರು ಹೇಳಿದ್ದು ನನಗೆ ಹೊಳೆದಿರಲಿಲ್ಲ. ಅದನ್ನ ಮೊದಲು ನೋಡಿ.

ಇನ್ನೊಂದು ಮಾತು: 2025ರ ಮಾರ್ಚ್‌ನಲ್ಲಿ ಆಯೋಗ 2025-26ರಿಂದ 2027-28ರವರೆಗೆ ಮೂರೂ ವರ್ಷಕ್ಕೆ ದರ ಒಟ್ಟಿಗೆ ಹೊರಡಿಸಿದೆ. ಹಾಗಂತ ಬಾಗಿಲು ಮುಚ್ಚಿಲ್ಲ, ವರ್ಷವರ್ಷದ ಲೆಕ್ಕದ ಪರಾಮರ್ಶೆಗೆ ಕಂಪನಿ ಮತ್ತೆ ಅರ್ಜಿ ಹಾಕುತ್ತೆ. ನವೆಂಬರ್ ಮುಗಿದ ಮೇಲೆ ಪೇಪರ್ ಮೇಲೆ ಕಣ್ಣಿಡಿ.

ಗಾಣದಮನೆ, ಚಳ್ಳಕೆರೆ

ಎಲ್ರಿಗೂ ನಮಸ್ಕಾರ. ರಾತ್ರಿ ಕೂತು ಬಿಲ್ಲೆಲ್ಲ ಕೂಡಿಸ್ದೆ. ಹನ್ನೆರಡು ತಿಂಗಳಿಗೆ 31,540 ಯೂನಿಟ್, ನೂರಕ್ಕೆ ಹನ್ನೆರಡು ಬಂತು. ಸೀಸನ್ನು ಮುಗಿದ ಮೇಲಿನ ಏಳು ತಿಂಗಳದ್ದು ಬೇರೆ ತೆಗೆದ್ರೆ ಹೇಳೋಕೆ ನಾಚಿಕೆ, ಅಷ್ಟು ಕಮ್ಮಿ.

ಬೆಳಿಗ್ಗೆ ಟಾರ್ಚ್ ಹಿಡ್ಕೊಂಡು ಮೀಟರ್ ಬಾಕ್ಸಿನ ಜೇಡರಬಲೆ ಒರೆಸಿ ನೋಡ್ದೆ. ಟ್ರೈವೆಕ್ಟರ್ರೇ ಐತೆ! ಯಾವಾಗಲೋ ಬದಲಾಯಿಸಿ ಹೋಗಿದಾರೆ, ನಾನು ನೋಡೇ ಇಲ್ಲ. ಅಂದ್ರೆ ಇಷ್ಟು ವರ್ಷ ಅರ್ಜಿ ಕೊಟ್ಟಿದ್ರೆ ಸಿಗ್ತಿತ್ತೋ ಏನೋ. ಮನೆಯವಳಿಗೆ ಇನ್ನೂ ಹೇಳಿಲ್ಲ.

ಸೋಮವಾರ ಎಂಜಿನಿಯರ್ ಆಫೀಸಿಗೆ ಅರ್ಜಿ ಕೊಡ್ತೀನಿ. ಆಯೋಗಕ್ಕೂ ಹೋಗೋನೇ, ಆದ್ರೆ ಕೇಳೋ ಪ್ರಶ್ನೆ ಬದಲಾಯ್ತು. ಕೆಲಸದ ತಿಂಗಳು ಮೊದಲೇ ಬರೆಸ್ಬೇಕು ಅಂತೀರಿ. ಮಳೆ ಬರದೆ ಶೇಂಗಾನೇ ಬರದ ವರ್ಷ ಆ ತಿಂಗಳುಗಳನ್ನ ಏನು ಅಂತ ಕರೀಬೇಕು? ಇದು ಆಕ್ಷೇಪಣೇಲಿ ಕೇಳೋ ಹಂಗಿದ್ಯಾ, ಕಪ್ಪುಕೋಟು ಸಾರ್?