ಕಾರ್ಪೊರೇಟರ್ ಬ್ಲಾಗ್ ಹೇಗೆ ಕಟ್ಟಬೇಕು? ವೆಬ್ ಡಿಸೈನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ವಿಜಯಪುರದಿಂದ): ನಮಸ್ಕಾರ ಮೇಡಂ. ನಮ್ಮ ಅಕ್ಕ ವಿಜಯಪುರ ಮಹಾನಗರ ಪಾಲಿಕೆ ಸದಸ್ಯರು. ಮೊದಲ ಸಲ ಆರಿಸಿ ಬಂದವರು. ಫೇಸ್‌ಬುಕ್ ಪೇಜ್ ಇದೆ, ವಾರ್ಡಿನ ವಾಟ್ಸಾಪ್ ಗುಂಪೂ ಇದೆ. ಆದರೆ ಹೋದ ತಿಂಗಳು ಹಾಕಿದ್ದು ಈ ತಿಂಗಳು ಯಾರಿಗೂ ಸಿಗುವುದಿಲ್ಲ. ಒಂದು ಬ್ಲಾಗ್ ಮಾಡಿಕೊಡು ಎಂದು ಅಕ್ಕ ನನಗೆ ಹೇಳಿದ್ದಾರೆ. ನಾನು ಬಿಕಾಂ ಓದುತ್ತಿದ್ದೇನೆ, ಕೋಡಿಂಗ್ ಬರುವುದಿಲ್ಲ. ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಮಾಡಿಸಿ ಎಂದು ಕೆಲವರು ಹೇಳುತ್ತಾರೆ. ಗೂಗಲ್‌ನ ಬ್ಲಾಗರ್ ಸೇವೆ ಸಾಕಾಗುತ್ತದಾ? ಹೆಸರು ವಾರ್ಡ್ ನಂಬರ್ ಮೇಲೆ ಇಡೋಣ ಅಂದುಕೊಂಡಿದ್ದೇವೆ. ಮೇಲೆ ಪಾಲಿಕೆ ಲಾಂಛನ, ಪಕ್ಷದ ನಾಯಕರ ಫೋಟೊ ಇರುವ ಬ್ಯಾನರ್ ಹಾಕಬಹುದಾ?

ಉತ್ತರ: ನಮಸ್ಕಾರ. ಬ್ಲಾಗರ್ ಸಾಕು. ವರ್ಡ್‌ಪ್ರೆಸ್ ಒಳ್ಳೆಯದೇ, ನನ್ನ ದಿನದ ಕೆಲಸವೆಲ್ಲ ಅದರಲ್ಲೇ ನಡೆಯುತ್ತದೆ. ಆದರೆ ಸ್ವಂತ ಹೋಸ್ಟಿಂಗ್‌ನಲ್ಲಿ, ಅಂದರೆ ಬಾಡಿಗೆಗೆ ಪಡೆದ ಸರ್ವರ್ ಜಾಗದಲ್ಲಿ, ಇಟ್ಟ ವರ್ಡ್‌ಪ್ರೆಸ್ ಸೈಟನ್ನು ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕು. ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಅಪ್‌ಡೇಟ್ ಮಾಡದೆ ಬಿಟ್ಟರೆ ಹ್ಯಾಕ್ ಆಗುವ ಭಯ. ಹೋಸ್ಟಿಂಗ್ ಹಣ ಕಟ್ಟುವುದು ಒಂದು ವರ್ಷ ಮರೆತರೆ ಸೈಟೇ ಮಾಯ. ನಿಮ್ಮ ಪರೀಕ್ಷೆ ಸಮಯದಲ್ಲಿ ಅದನ್ನು ಯಾರು ನೋಡುತ್ತಾರೆ? ಬ್ಲಾಗರ್ 1999ರಿಂದ ಇದೆ, 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಹೋಸ್ಟಿಂಗ್ ಖರ್ಚು ಇಲ್ಲ. ಸ್ವಂತ ಡೊಮೇನ್ ಹೆಸರಿಗೆ (ಸೈಟಿನ ವಿಳಾಸಕ್ಕೆ) ಮಾತ್ರ ದುಡ್ಡು. ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿಗೆ ಮರುಳಾಗಬೇಡಿ, ಎರಡನೇ ವರ್ಷದ ನವೀಕರಣ ದರ ಎಷ್ಟು ಎಂದು ನೋಡಿ.

ವಾರ್ಡ್ ನಂಬರ್ ಮೇಲೆ ಹೆಸರು ಬೇಡ. ನಿಮ್ಮ ಪಾಲಿಕೆಯಲ್ಲಿ ಈಗ 35 ವಾರ್ಡ್‌ಗಳಿವೆ. ನಾಳೆ ಮರುವಿಂಗಡಣೆ ಆದರೆ ನಂಬರ್ ಬದಲಾಗುತ್ತದೆ. ಮೀಸಲಾತಿ ತಿರುಗಿದರೆ ಅಕ್ಕ ಬೇರೆ ವಾರ್ಡಿನಲ್ಲಿ ನಿಲ್ಲಬೇಕಾಗಬಹುದು. ಆಗ ಐದು ವರ್ಷದ ಬರಹ ತಪ್ಪು ಹೆಸರಿನ ಕೆಳಗೆ ಉಳಿಯುತ್ತದೆ. ಅಕ್ಕನ ಹೆಸರಲ್ಲೇ ಡೊಮೇನ್ ತೆಗೆದುಕೊಳ್ಳಿ. ವಾರ್ಡ್ ನಂಬರ್ ಬ್ಲಾಗ್ ವಿವರಣೆಯ ಸಾಲಿನಲ್ಲಿ ಇರಲಿ, ಅದನ್ನು ಯಾವಾಗ ಬೇಕಾದರೂ ತಿದ್ದಬಹುದು.

ಡೊಮೇನ್, ಜಿಮೇಲ್ ಎರಡೂ ಅಕ್ಕನ ಹೆಸರು, ಅಕ್ಕನ ಮೊಬೈಲ್ ನಂಬರಿನಲ್ಲೇ ಇರಬೇಕು. ಇದರಲ್ಲಿ ಸಡಿಲ ಬೇಡ. ಮಾಡಿಕೊಟ್ಟವರ ಖಾತೆಯಲ್ಲೇ ಉಳಿದು, ಅವರು ಊರು ಬಿಟ್ಟ ಮೇಲೆ ಕೈತಪ್ಪಿದ ಸೈಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ನೀವು ಅಕ್ಕನ ಪಾಸ್‌ವರ್ಡ್ ಬಳಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಎಂಬ ಭಾಗವಿದೆ. ಅಲ್ಲಿಂದ ನಿಮ್ಮ ಜಿಮೇಲ್‌ಗೆ ಆಹ್ವಾನ ಕಳಿಸಿ, ಲೇಖಕರಾಗಿ ಸೇರಿಕೊಳ್ಳಿ.

ಲಾಂಛನ ಬೇಡ. ಅದನ್ನು ಹಾಕಿದರೆ ಇದು ಪಾಲಿಕೆಯ ಅಧಿಕೃತ ಸೈಟ್ ಎಂದು ಜನ ತಿಳಿಯುತ್ತಾರೆ. ಸಿಂಹಗಳ ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ. 'ಇದು ಸದಸ್ಯರ ಸ್ವಂತ ಬ್ಲಾಗ್, ಪಾಲಿಕೆಯದ್ದಲ್ಲ' ಎಂಬ ಒಂದು ಸಾಲು ಅಡಿಯಲ್ಲಿ ಹಾಕಿಬಿಡಿ. ನಾಯಕರ ಫೋಟೊ ಹಾಕುವುದು ಬಿಡುವುದು ನಿಮ್ಮ ಇಷ್ಟ. ಆದರೆ ಫೋನಿನಲ್ಲಿ ದೊಡ್ಡ ಬ್ಯಾನರ್ ಮೊದಲ ಪರದೆಯನ್ನೇ ನುಂಗುತ್ತದೆ. ನಳಕ್ಕೆ ನೀರು ಯಾವಾಗ ಎಂದು ನೋಡಲು ಬಂದವರಿಗೆ ಮುಖಗಳಷ್ಟೇ ಕಾಣುತ್ತವೆ. ಫೋಟೊ ಪರಿಚಯದ ಪುಟದಲ್ಲಿ ಇದ್ದರೆ ಸಾಕು.

ಮರುಪ್ರಶ್ನೆ: ಥ್ಯಾಂಕ್ಸ್ ಮೇಡಂ. ಜಿಮೇಲ್ ಅಕ್ಕನ ಹೆಸರಲ್ಲೇ ಮಾಡಿದೆ. ನೆಟ್‌ನಲ್ಲಿ ಚೆಂದದ ಫ್ರೀ ಟೆಂಪ್ಲೇಟ್‌ಗಳು (ಸಿದ್ಧ ವಿನ್ಯಾಸಗಳು) ಸಿಗುತ್ತವೆ, ಹಾಕಲಾ? ಇನ್ನೊಂದು, ಪಾಲಿಕೆಯಿಂದ ಬಂದ ಪ್ರಕಟಣೆಯನ್ನು ಕಾಪಿ ಮಾಡಿ ಹಾಕಿದರೆ ಇಂಗ್ಲಿಷ್ ಅಕ್ಷರಗಳು ಕಲಸಿಕೊಂಡು ಬರುತ್ತಿವೆ.

ಉತ್ತರ: ಹೊರಗಿನ ಟೆಂಪ್ಲೇಟ್ ಹಾಕಬೇಡಿ. ಎಷ್ಟೋ ಫ್ರೀ ಟೆಂಪ್ಲೇಟ್‌ಗಳ ಒಳಗೆ ಬೇರೆ ಸೈಟ್‌ಗಳ ಲಿಂಕ್ ಅಡಗಿರುತ್ತದೆ. ತೆಗೆಯಲು ಹೋದರೆ ಓದುಗರನ್ನು ಅವರ ಸೈಟಿಗೆ ಎಳೆದೊಯ್ಯುವ ಸ್ಕ್ರಿಪ್ಟ್ ಇರುತ್ತದೆ. ಬ್ಲಾಗರ್‌ನಲ್ಲೇ ಇರುವ ಕಂಟೆಂಪೊ ಥೀಮ್ ತೆಗೆದುಕೊಳ್ಳಿ. ಅದರಲ್ಲಿ ಒಂದು ಪೋಸ್ಟನ್ನು ಮೇಲೆ ನಿಲ್ಲಿಸಿಡುವ 'ಫೀಚರ್ಡ್ ಪೋಸ್ಟ್' ಜಾಗವಿದೆ. ಈ ವಾರದ ನೀರಿನ ಸರದಿಯನ್ನು ಅಲ್ಲಿ ಇಡಿ. ವಾರ್ಡಿನ ಜನ ಮೊದಲು ಕೇಳುವುದೇ ಅದು, ಅಲ್ವಾ?

ಅಕ್ಷರದ ಗೋಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟಿನದ್ದು. ಕಚೇರಿಗಳಲ್ಲಿ ಇನ್ನೂ ಬಹಳ ಜನ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಅದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಎಲ್ಲ ಫೋನ್, ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡ್‌ಗೆ ಬದಲಿಸಿ ಹಾಕಬೇಕು. ಅದಕ್ಕೆ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ. ಒತ್ತಕ್ಷರ, ಅರ್ಕಾವೊತ್ತು ಕೆಲವೊಮ್ಮೆ ಜಾಗ ತಪ್ಪಿರುತ್ತವೆ. ಮೊತ್ತ, ದಿನಾಂಕಗಳನ್ನು ಮೂಲ ಕಾಗದದ ಜೊತೆ ಹೋಲಿಸಿ ನೋಡಿ. ಸುಮ್ನೆ ಪ್ರಕಟಣೆಯ ಫೋಟೊ ತೆಗೆದು ಹಾಕುವುದು ಸುಲಭ, ನಿಜ. ಆದರೆ ಬ್ಲಾಗಿನಲ್ಲಿ ಹುಡುಕಿದರೆ ಫೋಟೊದೊಳಗಿನ ಅಕ್ಷರ ಸಿಗುವುದಿಲ್ಲ. ಕಣ್ಣು ಕಾಣದವರು ಫೋನಿಗೆ ಓದಿಸಿಕೊಳ್ಳಲೂ ಕಷ್ಟ. ಫೋಟೊ ಹಾಕಿದರೂ ಸಾರಾಂಶವನ್ನು ಟೈಪ್ ಮಾಡಿ.

ಫಾಂಟ್ ಬೇರೆ ಬೇಕಾದರೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ನೋಡಿ, ಎರಡೂ ಉಚಿತ. ಸಾಲುಗಳ ನಡುವಿನ ಅಂತರವನ್ನು 1.7ರಷ್ಟು ಇಡಿ. ಇಂಗ್ಲಿಷಿಗೆಂದು ಮಾಡಿದ ಅಳತೆಯಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಎರಡೂ ಅಂಚು ಸಮ ಮಾಡುವ ಜೋಡಣೆ ಬೇಡ. ಕನ್ನಡ ಪದಗಳು ಉದ್ದ, ಫೋನಿನಲ್ಲಿ ನಡುನಡುವೆ ದೊಡ್ಡ ಸಂದು ಬೀಳುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಸಮಯ ವಲಯವನ್ನೂ (ಟೈಮ್ ಝೋನ್) ನೋಡಿ. ಅದು ಅಮೆರಿಕದ್ದು ಇದ್ದರೆ ಇಂದು ಹಾಕಿದ ಪೋಸ್ಟಿಗೆ ನಿನ್ನೆಯ ದಿನಾಂಕ ಬರುತ್ತದೆ. ಸಭೆಯ ದಿನ, ಟೆಂಡರ್ ದಿನ ಬರೆಯುವ ಬ್ಲಾಗಿನಲ್ಲಿ ಅದು ಸಣ್ಣ ವಿಷಯವಲ್ಲ.

ಪ್ರಶ್ನೆ (ಬಾಗಲಕೋಟೆಯಿಂದ): ನಡುವೆ ಬಂದೆ, ಕ್ಷಮಿಸಿ. ನಮ್ಮ ನಗರಸಭೆ ಸದಸ್ಯರಿಗೂ ಒಂದು ಬ್ಲಾಗ್ ಶುರು ಮಾಡಿದ್ದೆ. ಭೂಮಿಪೂಜೆ, ಸನ್ಮಾನದ ಫೋಟೊ ಹಾಕಿ ಹಾಕಿ ಈಗ ಯಾರೂ ನೋಡುತ್ತಿಲ್ಲ. ಏನು ಹಾಕಿದರೆ ಜನ ಬರುತ್ತಾರೆ ಮೇಡಂ? ನವನಗರದಲ್ಲಿ ನಗರಸಭೆಗೆ ಹೋಗಬೇಕಾ, ಬಿಟಿಡಿಎಗೆ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಹೋಗಬೇಕಾ ಎಂದೇ ದಿನಾ ನಾಲ್ಕು ಜನ ಕೇಳುತ್ತಾರೆ.

ಉತ್ತರ: ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಟೆಂಪ್ಲೇಟ್, ಫಾಂಟ್ ಎಲ್ಲ ಒಂದು ದಿನದ ಕೆಲಸ. ಬ್ಲಾಗ್ ಬದುಕುವುದು ಅದರಲ್ಲಿ ಏನಿದೆ ಎಂಬುದರ ಮೇಲೆ.

ಒಂದು ಕಾಮಗಾರಿಗೆ ಒಂದೇ ಪೋಸ್ಟ್ ಮಾಡಿ. ಯಾವ ಓಣಿ, ಏನು ಕೆಲಸ, ಎಸ್ಟಿಮೇಟ್ ಎಷ್ಟು, ಯಾವ ಅನುದಾನ ಎಂದು ಬರೆಯಿರಿ. ಕೇಂದ್ರ ಹಣಕಾಸು ಆಯೋಗದ್ದಾ, ಎಸ್‌ಎಫ್‌ಸಿಯದ್ದಾ (ರಾಜ್ಯ ಹಣಕಾಸು ಆಯೋಗ), ನಗರಸಭೆಯ ಸ್ವಂತ ನಿಧಿಯಾ ಎಂದು ಸ್ಪಷ್ಟವಾಗಿರಲಿ. ಸಾಮಾನ್ಯ ಸಭೆಯಲ್ಲಿ ಠರಾವು ಆದ ದಿನ, ಟೆಂಡರ್ ಕರೆದ ದಿನ, ವರ್ಕ್ ಆರ್ಡರ್ ಕೊಟ್ಟ ದಿನ ಬರಲಿ. ಹೊಸ ಸುದ್ದಿ ಬಂದಾಗ ಹೊಸ ಪೋಸ್ಟ್ ಬೇಡ. ಅದೇ ಪೋಸ್ಟಿನ ಮೇಲ್ಭಾಗದಲ್ಲಿ ದಿನಾಂಕ ಹಾಕಿ ಒಂದು ಸಾಲು ಸೇರಿಸಿ. ಕೆಲಸಕ್ಕೆ ಮೊದಲು ಒಂದು ಫೋಟೊ, ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು. ಸನ್ಮಾನದ ಫೋಟೊ ಫೇಸ್‌ಬುಕ್‌ನಲ್ಲಿ ಇರಲಿ ಬಿಡಿ.

ಪೋಸ್ಟುಗಳನ್ನು ವಿಂಗಡಿಸಲು ಹಾಕುವ ಲೇಬಲ್‌ಗಳಲ್ಲಿ ಎರಡು ಬಗೆ ಇರಲಿ. ಒಂದು ಓಣಿಯ ಹೆಸರು. ಇನ್ನೊಂದು ಕೆಲಸದ ಸ್ಥಿತಿ: ಮಂಜೂರು, ಟೆಂಡರ್, ನಡೆದಿದೆ, ಮುಗಿದಿದೆ, ನಿಂತಿದೆ. ಲೇಬಲ್ ಕನ್ನಡದಲ್ಲೇ ಇಡಬಹುದು, ಆದರೆ ಕಾಗುಣಿತ ಒಂದೇ ಇರಬೇಕು. ಒಂದು ಕಡೆ 'ಗಾಂಧಿ ಚೌಕ', ಇನ್ನೊಂದು ಕಡೆ 'ಗಾಂಧಿಚೌಕ್' ಎಂದು ಹಾಕಿದರೆ ಬ್ಲಾಗರ್‌ಗೆ ಅವು ಎರಡು ಬೇರೆ ಲೇಬಲ್. ಹೆಸರುಗಳನ್ನು ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕಂಟೆಂಪೊದಲ್ಲಿ ಲೇಬಲ್ ಪಟ್ಟಿ ಫೋನಿನಲ್ಲಿ ಮೂರು ಗೆರೆಯ ಮೆನು ಒಳಗೆ ಅಡಗುತ್ತದೆ. ಅದಕ್ಕೆ 'ನಿಮ್ಮ ಓಣಿ' ಎಂಬ ಪುಟ ಮಾಡಿ ಎಲ್ಲ ಓಣಿಗಳ ಲಿಂಕ್ ಅಲ್ಲಿ ಕೊಡಿ.

'ನಿಂತಿದೆ' ಲೇಬಲ್ ಕಂಡರೆ ಸದಸ್ಯರು ಹಿಂದೆ ಸರಿಯುತ್ತಾರೆ. ನಮ್ಮ ತಪ್ಪು ನಾವೇ ಸಾರಬೇಕಾ ಎನ್ನುತ್ತಾರೆ. ಆದರೆ ಗಟಾರ ಅರ್ಧಕ್ಕೆ ನಿಂತಿದ್ದು ಆ ಓಣಿಯವರಿಗೆ ಬ್ಲಾಗ್ ನೋಡಿ ಗೊತ್ತಾಗಬೇಕಿಲ್ಲ, ದಿನಾ ಅದನ್ನು ದಾಟಿಯೇ ಹೋಗುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಏಕೆ ನಿಂತಿದೆ ಎಂಬುದು. ಗುತ್ತಿಗೆದಾರರ ಬಿಲ್ ಬಾಕಿಯಾ, ಪೈಪ್‌ಲೈನ್ ಅಡ್ಡ ಬಂತಾ, ಜಾಗದ ತಕರಾರಾ? ಅದನ್ನು ಬರೆದು, ಸದಸ್ಯರು ಯಾವ ದಿನ ಯಾರಿಗೆ ಪತ್ರ ಕೊಟ್ಟರು ಎಂದೂ ಹಾಕಿ. ಜನ ಮತ್ತೆ ಮತ್ತೆ ಬಂದು ನೋಡುವ ಪುಟ ಅದೇ. ಮುಂದಿನ ಸಭೆಯಲ್ಲಿ ಅಧಿಕಾರಿಗಳನ್ನು ಕೇಳಲು ಸದಸ್ಯರಿಗೂ ಅದೇ ದಾಖಲೆ ಕೈಗೆ ಸಿಗುತ್ತದೆ.

ಇನ್ನು ಬಿಟಿಡಿಎ ವಿಷಯ. ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾದವರಿಗೆ ನವನಗರ ಕಟ್ಟಿದ ಪ್ರಾಧಿಕಾರ ಅದು. ಹಾಗಾಗಿ ನಿಮ್ಮಲ್ಲಿ ಈ ಗೊಂದಲ ಇದ್ದೇ ಇರುತ್ತದೆ. ರಸ್ತೆ, ನೀರು, ಬೀದಿ ದೀಪ, ಖಾತೆ, ಕಸ, ಹೀಗೆ ಒಂದೊಂದಕ್ಕೂ ಯಾವ ಕಚೇರಿ ಎಂದು ಎರಡೂ ಕಡೆ ಕೇಳಿಕೊಂಡು 'ಯಾವ ಕೆಲಸಕ್ಕೆ ಎಲ್ಲಿಗೆ' ಎಂಬ ಪುಟ ಮಾಡಿ. ಕರೆಂಟಿಗೆ ಹೆಸ್ಕಾಂನ 1912, ಸರ್ಕಾರಿ ಇಲಾಖೆಗಳ ಮೇಲಿನ ದೂರಿಗೆ 1902, ತುರ್ತಿಗೆ 112 ಅದರಲ್ಲೇ ಬರಲಿ. ವಾಲ್ವ್‌ಮನ್, ಪೌರಕಾರ್ಮಿಕರ ಸ್ವಂತ ನಂಬರ್‌ಗಳನ್ನು ಅವರನ್ನು ಕೇಳದೆ ಹಾಕಲೇಬೇಡಿ. ರಾತ್ರಿ ಹನ್ನೆರಡಕ್ಕೂ ಫೋನ್ ಬರುತ್ತದೆ, ಪಾಪ.

ಮರುಪ್ರಶ್ನೆ (ವಿಜಯಪುರ): ಓಣಿ ಲೇಬಲ್ ಅಕ್ಕನಿಗೆ ಬಹಳ ಹಿಡಿಸಿತು. ಮೂರು ಸಂದೇಹ ಇವೆ. ಕನ್ನಡ ತಲೆಬರಹ ಕೊಟ್ಟರೆ ಎಲ್ಲ ಪೋಸ್ಟಿನ ವಿಳಾಸವೂ 'ಬ್ಲಾಗ್-ಪೋಸ್ಟ್' ಎಂದೇ ಬರುತ್ತಿದೆ. ವಾರ್ಡಿನಲ್ಲಿ ಉರ್ದು ಓದುವವರು ಜಾಸ್ತಿ, ಅವರಿಗೆ ಏನು ಮಾಡಲಿ? ದೂರುಗಳನ್ನು ಕಾಮೆಂಟಿನಲ್ಲಿ ತೆಗೆದುಕೊಳ್ಳಬಹುದಾ?

ಉತ್ತರ: ಬ್ಲಾಗರ್ ತಾನಾಗಿ ಮಾಡುವ ವಿಳಾಸದಲ್ಲಿ ಕನ್ನಡ ಅಕ್ಷರ ಉಳಿಯುವುದಿಲ್ಲ. ಪ್ರಕಟಿಸುವ ಮೊದಲೇ ಬಲಗಡೆ ಪರ್ಮಾಲಿಂಕ್ (ಪೋಸ್ಟಿನ ವಿಳಾಸ) ಭಾಗದಲ್ಲಿ 'ಕಸ್ಟಮ್' ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಓಣಿಯ ಹೆಸರು, ಕೆಲಸ ಬರೆಯಿರಿ. ನಡುವೆ ಅಡ್ಡಗೆರೆ ಹಾಕಿ. ಪ್ರಕಟವಾದ ಮೇಲೆ ಇದನ್ನು ಹಾಗೇ ತಿದ್ದಲು ಆಗುವುದಿಲ್ಲ. ಪೋಸ್ಟನ್ನು ಮತ್ತೆ ಡ್ರಾಫ್ಟ್ ಮಾಡಬೇಕು, ಆಗ ಹಂಚಿದ ಹಳೆಯ ಲಿಂಕ್ ಸತ್ತಂತೆ.

ಹುಡುಕುವವರ ವಿಷಯದಲ್ಲಿ ನಿಮ್ಮ ಊರಿಗೆ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಆದರೆ ಬಹಳ ಜನ ಈಗಲೂ ಬಿಜಾಪುರ ಎಂದೇ ಟೈಪ್ ಮಾಡುತ್ತಾರೆ. ದೇವನಹಳ್ಳಿ ಹತ್ತಿರವೂ ಒಂದು ವಿಜಯಪುರ ಪುರಸಭೆ ಇದೆ. ಸರ್ಚ್ ವಿವರಣೆಯಲ್ಲಿ 'ವಿಜಯಪುರ (ಬಿಜಾಪುರ) ಮಹಾನಗರ ಪಾಲಿಕೆ' ಎಂದು ಪೂರ್ತಿ ಬರೆಯಿರಿ.

ಉರ್ದುವಿಗೆ ಬೇರೆ ಪೋಸ್ಟ್ ಮಾಡಿ, ಕನ್ನಡ ಪೋಸ್ಟಿಗೆ ಲಿಂಕ್ ಕೊಡಿ. ಒಂದೇ ಪ್ಯಾರಾದಲ್ಲಿ ಎರಡನ್ನೂ ಬೆರೆಸಬೇಡಿ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಬೆರೆಸಿದರೆ ಪೂರ್ಣವಿರಾಮ, ಅಂಕಿಗಳು ಎಲ್ಲೋ ಹೋಗಿ ಕೂರುತ್ತವೆ. ಎಡಿಟರ್‌ನಲ್ಲಿ ಬಲದಿಂದ ಎಡಕ್ಕೆ ಬರೆಯುವ ಗುಂಡಿ ಇದೆ, ಅದನ್ನು ಒತ್ತಿ ಬರೆಯಿರಿ. ಅನುವಾದ ಯಂತ್ರಕ್ಕೆ ಬಿಡಬೇಡಿ. ವಾರ್ಡಿನಲ್ಲೇ ಉರ್ದು ಶಿಕ್ಷಕರು ಯಾರಾದರೂ ಇರುತ್ತಾರೆ, ಕೇಳಿದರೆ ಖುಷಿಯಿಂದ ಮಾಡಿಕೊಡುತ್ತಾರೆ.

ದೂರು ಕಾಮೆಂಟಿನಲ್ಲಿ ಬೇಡ. ಜನ ಮನೆ ವಿಳಾಸ, ಫೋನ್ ನಂಬರ್ ಎಲ್ಲರಿಗೂ ಕಾಣುವಂತೆ ಬರೆದುಬಿಡುತ್ತಾರೆ. ಗೂಗಲ್ ಫಾರ್ಮ್ ಮಾಡಿ. ಓಣಿ, ಹತ್ತಿರದ ಗುರುತು, ಸಮಸ್ಯೆ, ಫೋನ್, ಇಷ್ಟೇ ಕೇಳಿ. ಆಧಾರ್ ಕೇಳಬೇಡಿ. ಉತ್ತರಗಳ ಶೀಟ್ ಅಕ್ಕ ಮತ್ತು ನಿಮಗೆ ಮಾತ್ರ ಕಾಣಲಿ. ಬ್ಲಾಗಿನಲ್ಲಿ ಹೆಸರಿಲ್ಲದೆ, ಯಾವ ಓಣಿಯ ಯಾವ ದೂರು ಎಲ್ಲಿಗೆ ಬಂತು ಎಂದಷ್ಟೇ ಹಾಕಿ. ಪಿಂಚಣಿ, ಮನೆ ಫಲಾನುಭವಿಗಳ ಪಟ್ಟಿಯನ್ನು ನಂಬರ್ ಸಮೇತ ಹಾಕುವ ರೂಢಿ ನಮ್ಮಲ್ಲಿದೆ, ಅದು ಬೇಡವೇ ಬೇಡ. ಮೋಸಗಾರರ ಕೈಗೆ ಬಡವರ ನಂಬರ್ ನಾವೇ ಕೊಟ್ಟಂತೆ ಆಗುತ್ತದೆ. ಡಿಜಿಟಲ್ ಖಾಸಗಿ ಮಾಹಿತಿ ರಕ್ಷಣೆಗೆ 2023ರ ಕಾನೂನೂ ಇದೆ. ಕಾಮೆಂಟ್ ಮಾತ್ರ ನೀವು ನೋಡಿ ಒಪ್ಪಿದ ಮೇಲೆ ಕಾಣುವಂತೆ ಇಡಿ. ಬೈದಿದ್ದನ್ನು ತೆಗೆಯಿರಿ, ಟೀಕೆಯನ್ನು ಹಾಗೇ ಇರಲು ಬಿಡಿ.

ಚುನಾವಣೆ ನೀತಿ ಸಂಹಿತೆ ಬಂದ ದಿನದಿಂದ ಹೊಸ ಕಾಮಗಾರಿ ಘೋಷಣೆ ಹಾಕಬೇಡಿ. ಅನುಮಾನ ಇದ್ದರೆ ಚುನಾವಣಾ ಕಚೇರಿಯಲ್ಲಿ ಕೇಳಿ.

ಮರುಪ್ರಶ್ನೆ: ಡೊಮೇನ್ ತೆಗೆದುಕೊಂಡೆವು ಮೇಡಂ, ಆದರೆ ಜೋಡಿಸಿದರೆ ಎರರ್ ಬರುತ್ತಿದೆ. ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದರೆ ಎಲ್ಲ ಪೋಸ್ಟಿಗೂ ಒಂದೇ ಚಿತ್ರ ಕಾಣುತ್ತಿದೆ.

ಉತ್ತರ: ಎರರ್ ಸಂದೇಶದಲ್ಲೇ ಎರಡು ಸಿನೇಮ್ ದಾಖಲೆ (ಡೊಮೇನನ್ನು ಬ್ಲಾಗಿಗೆ ಜೋಡಿಸುವ ಸಾಲುಗಳು) ತೋರಿಸಿರುತ್ತದೆ. ಒಂದು ಎಲ್ಲರಿಗೂ ಒಂದೇ, ಇನ್ನೊಂದು ನಿಮ್ಮ ಬ್ಲಾಗಿಗೇ ಬೇರೆ. ಎರಡನ್ನೂ ಡೊಮೇನ್ ಕೊಂಡ ಕಡೆ ಡಿಎನ್‌ಎಸ್ (ವಿಳಾಸ ಜೋಡಣೆಯ ಸೆಟ್ಟಿಂಗ್) ಪುಟದಲ್ಲಿ ಹಾಗೇ ಹಾಕಿ. ಕೆಲವೊಮ್ಮೆ ಒಂದೆರಡು ಗಂಟೆ, ಕೆಲವೊಮ್ಮೆ ಒಂದು ದಿನ ಹಿಡಿಯುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಆನ್ ಮಾಡಿ, ಇಲ್ಲದಿದ್ದರೆ ಫೋನಿನಲ್ಲಿ 'ಸುರಕ್ಷಿತವಲ್ಲ' ಎಂದು ಬರುತ್ತದೆ.

ವಾಟ್ಸಾಪ್‌ಗೆ ಸಾಮಾನ್ಯವಾಗಿ ಹೋಗುವುದು ಪೋಸ್ಟಿನ ಮೊದಲ ಚಿತ್ರ. ನೀವು ಪ್ರತಿ ಪೋಸ್ಟಿನ ತಲೆಯಲ್ಲೂ ಅಕ್ಕನ ಫೋಟೊ ಇಡುತ್ತಿರಬೇಕು. ಆ ಓಣಿಯ ಫೋಟೊ ಮೊದಲು ಇಡಿ. ತಮ್ಮ ಓಣಿ ಕಂಡರೆ ಜನ ತೆರೆದು ನೋಡುತ್ತಾರೆ.

ಬ್ಯಾಕಪ್ ಅನ್ನು ತಿಂಗಳಿಗೊಮ್ಮೆ ಇಳಿಸಿಕೊಳ್ಳಿ, ಸೆಟ್ಟಿಂಗ್ಸ್‌ನಲ್ಲೇ ಇದೆ. ಅದರಲ್ಲಿ ಬರಹ ಮಾತ್ರ ಇರುತ್ತದೆ, ಫೋಟೊ ಇರುವುದಿಲ್ಲ. ಫೋಟೊಗಳನ್ನು ಓಣಿವಾರು ಫೋಲ್ಡರ್ ಮಾಡಿ ಬೇರೆ ಇಟ್ಟುಕೊಳ್ಳಿ. ಡಿಎನ್‌ಎಸ್ ನಾಳೆಗೂ ಸರಿಹೋಗದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ನೋಡೋಣ. ಖಾತೆ ನಂಬರ್, ಇಮೇಲ್ ಮುಚ್ಚಿ ಹಾಕಿ.