ಇಟಲಿ ಪ್ರವಾಸ: ಅಪ್ಪನ ಸ್ಟೆಂಟ್, ಬಾಡಿಗೆ ಕಾರು ಮತ್ತು ವೀಸಾಕ್ಕೆ ಮಾಡಿಸಿದ ವಿಮೆ

ಪ್ರಶ್ನೆ (ಬನಶಂಕರಿಯ ಸದಸ್ಯೆ): ನಮಸ್ಕಾರ ಸರ್. ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು ಮತ್ತು ನನ್ನ ಅಪ್ಪ ಅಮ್ಮ ಇಟಲಿ, ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಹೊರಟಿದ್ದೇವೆ. ಮಿಲಾನ್‌ನಲ್ಲಿ ಕಾರು ಬಾಡಿಗೆಗೆ ಪಡೆದು, ಫ್ಲಾರೆನ್ಸ್ ಕಡೆ ಸುತ್ತಾಡಿ, ಕೊನೆಗೆ ಜ್ಯೂರಿಕ್‌ನಲ್ಲಿ ಬಿಟ್ಟುಬಿಡುವ ಯೋಚನೆ. ವೀಸಾ ಅರ್ಜಿಯ ಜೊತೆಗೆ ಟ್ರಾವೆಲ್ ಏಜೆಂಟರೇ ಐವರಿಗೂ ವಿಮೆ ಮಾಡಿಸಿ ಕಳುಹಿಸಿದ್ದಾರೆ. ಅಪ್ಪನಿಗೆ 69 ವರ್ಷ. ಬಿಪಿ, ಸಕ್ಕರೆ ಎರಡೂ ಇವೆ, ಹಿಂದೆ ಸ್ಟೆಂಟ್ ಹಾಕಿದ್ದಾರೆ. ಈ ವಿಮೆ ಸಾಕೇ? ಇದರಲ್ಲಿ ಕಾರಿಗೂ ರಕ್ಷಣೆ ಸಿಗುತ್ತದೆ ಎಂದು ಏಜೆಂಟರು ಹೇಳುತ್ತಿದ್ದಾರೆ, ನಿಜವೇ?

ಉತ್ತರ (ಜಯನಗರದ ವಿಮಾ ಸಲಹೆಗಾರ): ನಮಸ್ಕಾರ ಮೇಡಂ. ಮೊದಲು ಅಪ್ಪನ ವಿಷಯ, ಕಾರು ಆಮೇಲೆ.

ಷೆಂಗೆನ್ ವೀಸಾ (ಇಟಲಿ, ಸ್ವಿಟ್ಜರ್ಲೆಂಡ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ನಿಯಮ ಕೇಳುವುದು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನು. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಊರಿಗೆ ವಾಪಸ್ ಕರೆತರುವ ವೆಚ್ಚ ಅದರಲ್ಲಿರಬೇಕು. ಅಲ್ಲಿರುವಷ್ಟು ದಿನವೂ ಎಲ್ಲ ಷೆಂಗೆನ್ ದೇಶಗಳಲ್ಲೂ ಅದು ಚಾಲ್ತಿಯಲ್ಲಿರಬೇಕು. ನಿಮ್ಮ ಅಪ್ಪನ ಹೃದಯದ ಸ್ಥಿತಿಗೆ ಆ ಪಾಲಿಸಿ ಹೊಂದುತ್ತದೆಯೇ ಎಂದು ವೀಸಾ ಕಚೇರಿಯವರು ನೋಡುವುದಿಲ್ಲ. ಅದನ್ನು ನೋಡಬೇಕಾದವರು ನೀವೇ.

ಈಗಲೇ ಪಾಲಿಸಿಯ ಪಿಡಿಎಫ್ ತೆರೆಯಿರಿ. ಅದರ ಜೊತೆಗೇ ಪ್ರಪೋಸಲ್ ಫಾರಂನ, ಅಂದರೆ ವಿಮೆಗೆ ಸಲ್ಲಿಸಿದ ಅರ್ಜಿಯ, ಪ್ರತಿ ಇರುತ್ತದೆ, ಇಲ್ಲದಿದ್ದರೆ ಏಜೆಂಟರಿಂದ ಕೇಳಿ ಪಡೆಯಿರಿ. 'ಮೊದಲೇ ಇರುವ ಕಾಯಿಲೆ ಏನಾದರೂ ಇದೆಯೇ' ಎಂಬ ಸಾಲಿನ ಮುಂದೆ ಅಪ್ಪನ ಹೆಸರಿಗೆ ಏನು ತುಂಬಿದ್ದಾರೆ ನೋಡಿ. ಐವರದನ್ನೂ ಒಟ್ಟಿಗೆ ತುಂಬುವಾಗ ಎಲ್ಲರಿಗೂ 'ಇಲ್ಲ' ಎಂದು ಗುರುತು ಹಾಕಿಬಿಡುವುದು ನಾನು ಪದೇ ಪದೇ ಕಾಣುವ ಸಂಗತಿ, ಮತ್ತು ನನಗೆ ನಿಜಕ್ಕೂ ಸಿಟ್ಟು ಬರಿಸುವ ಸಂಗತಿ. ಅಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದರೆ ವೈದ್ಯರು ಹಿಂದಿನ ಚರಿತ್ರೆ ಕೇಳುತ್ತಾರೆ, ನೀವು ಸ್ಟೆಂಟ್ ಎನ್ನುತ್ತೀರಿ, ಅದು ದಾಖಲೆಗೆ ಹೋಗುತ್ತದೆ. ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆ ಎಂದು ಕಂಪನಿ ಕ್ಲೇಮ್ ತಳ್ಳಿಹಾಕಲು ಅಷ್ಟೇ ಸಾಕು.

ಕಾಯಿಲೆಯನ್ನು ತಿಳಿಸಿದ ಮಾತ್ರಕ್ಕೆ ಎಲ್ಲವೂ ಸಿಗುತ್ತದೆ ಎಂದಲ್ಲ. ನಮ್ಮ ದೇಶದ ಹೆಚ್ಚಿನ ಪ್ರವಾಸ ಪಾಲಿಸಿಗಳು ಹಳೆಯ ಕಾಯಿಲೆಗೆ ಹಣ ಕೊಡುವುದು ಪ್ರಾಣಾಪಾಯದ ತುರ್ತಿನಲ್ಲಿ ಮಾತ್ರ. ಅದಕ್ಕೂ ಒಟ್ಟು ಮೊತ್ತಕ್ಕಿಂತ ಬಹಳ ಕಡಿಮೆ ಮಿತಿ ಹಾಕಿರುತ್ತಾರೆ. ಆ ಮಿತಿ ಎಷ್ಟು, ಅರವತ್ತು ದಾಟಿದವರಿಗೆ ಆಸ್ಪತ್ರೆ ಕೊಠಡಿ ಮತ್ತು ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಮಿತಿಗಳಿವೆಯೇ, ಈ ಎರಡನ್ನೂ ಕೇಳಿ. ಅಪ್ಪನಿಗೆ ಮಾತ್ರ ಬೇರೆ, ಸ್ವಲ್ಪ ದುಬಾರಿ ಪಾಲಿಸಿ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಬದಲಿಸುವುದಿದ್ದರೆ ವಿಮಾನ ಹತ್ತುವ ಮೊದಲೇ ಆಗಬೇಕು. ಇಲ್ಲಿಂದ ಹೊರಟ ಮೇಲೆ ಹೊಸ ಪಾಲಿಸಿ ಕೊಡಲು ಸಾಮಾನ್ಯವಾಗಿ ಕಂಪನಿಗಳು ಒಪ್ಪುವುದಿಲ್ಲ.

ಇನ್ನು ಕಾರು. ಪ್ರವಾಸ ವಿಮೆಯಲ್ಲಿ 'ವೈಯಕ್ತಿಕ ಹೊಣೆಗಾರಿಕೆ' ಎಂಬ ತಲೆಬರಹ ಇರುತ್ತದೆ. ಏಜೆಂಟರು ಅದನ್ನೇ ತೋರಿಸಿ ಕಾರೂ ಸೇರಿದೆ ಎಂದಿರಬಹುದು. ಕೆಳಗಿನ ಸಣ್ಣ ಅಕ್ಷರ ಓದಿ, ಮೋಟಾರು ವಾಹನ ಓಡಿಸುವಾಗ ಆದ ಹಾನಿಯನ್ನು ಸಾಮಾನ್ಯವಾಗಿ ಅಲ್ಲಿಯೇ ಹೊರಗಿಟ್ಟಿರುತ್ತಾರೆ. ಅಪಘಾತದಲ್ಲಿ ನಿಮಗೆ ಪೆಟ್ಟಾದರೆ ಚಿಕಿತ್ಸೆಗೆ ಪ್ರವಾಸ ವಿಮೆ ಬರುತ್ತದೆ, ಕಾರಿಗೆ ಪೆಟ್ಟಾದರೆ ಅದು ಬಾಡಿಗೆ ಕಂಪನಿ ಮತ್ತು ನಿಮ್ಮ ನಡುವಿನ ಕರಾರು. ಕೆಲವು ಪಾಲಿಸಿಗಳಲ್ಲಿ ಬಾಡಿಗೆ ಕಾರಿನ ಹಾನಿಯಲ್ಲಿ ನಿಮ್ಮ ಪಾಲಿನ ಮೊತ್ತವನ್ನು ಭರಿಸುವ ಸೌಲಭ್ಯ ಇರುತ್ತದೆ. ಇದ್ದರೆ ಅದನ್ನು ಪ್ರತ್ಯೇಕವಾಗಿ, ಮೊತ್ತದ ಸಮೇತ ನಮೂದಿಸಿರುತ್ತಾರೆ. ಕಾಣದಿದ್ದರೆ ಇಲ್ಲ ಎಂದೇ ತಿಳಿಯಿರಿ.

ಪ್ರಶ್ನೆ (ಅದೇ ಸದಸ್ಯೆ): ತುಂಬಾ ಧನ್ಯವಾದ ಸರ್. ಫಾರಂ ನೋಡಿದೆ, ಅಪ್ಪನಿಗೆ 'ಇಲ್ಲ' ಎಂದೇ ಹಾಕಿದ್ದಾರೆ. ಇಂದೇ ಸರಿಪಡಿಸಲು ಹೇಳುತ್ತೇನೆ. ಕಾರು ಬುಕ್ ಮಾಡಿದ ಜಾಲತಾಣದಲ್ಲಿ 'ಫುಲ್ ಕವರ್' ಎಂದು ದಿನಕ್ಕಿಷ್ಟು ಹಣ ಕಟ್ಟಿದ್ದೇವೆ. ಹಾಗಾದರೆ ಕೌಂಟರ್‌ನಲ್ಲಿ ಮತ್ತೆ ಏನೂ ತೆಗೆದುಕೊಳ್ಳಬೇಕಿಲ್ಲ ಅಲ್ಲವೇ?

ಉತ್ತರ: ಆ ಹಣ ತೆಗೆದುಕೊಂಡವರು ಬಾಡಿಗೆ ಕಂಪನಿಯವರೋ, ಮಧ್ಯವರ್ತಿ ಜಾಲತಾಣದವರೋ, ಎಲ್ಲವೂ ಅದರ ಮೇಲೆ ನಿಂತಿದೆ.

ಇಟಲಿಯಲ್ಲಿ ಬಾಡಿಗೆಯ ಜೊತೆಗೇ ಸಾಮಾನ್ಯವಾಗಿ ಡಿಕ್ಕಿ ಮತ್ತು ಕಳ್ಳತನದ ರಕ್ಷಣೆ ಬರುತ್ತದೆ. ಆದರೆ ಒಂದು ಮೊತ್ತದವರೆಗಿನ ಹಾನಿಯನ್ನು ನೀವೇ ಭರಿಸಬೇಕು, ಅದಕ್ಕೆ 'ಎಕ್ಸೆಸ್' ಎನ್ನುತ್ತಾರೆ. ಟೈರು, ಗಾಜು, ಕಾರಿನ ಅಡಿಭಾಗ, ಚಾವಣಿ ಇವು ಎಷ್ಟೋ ವೇಳೆ ಆ ರಕ್ಷಣೆಯಿಂದಲೇ ಹೊರಗೆ. ಮಧ್ಯವರ್ತಿಯ 'ಫುಲ್ ಕವರ್' ಈ ಎಕ್ಸೆಸ್ಸನ್ನು ನಿಮಗೆ ಹಿಂದಿರುಗಿಸುವ ಒಪ್ಪಂದ ಅಷ್ಟೇ. ಕಾರಿಗೆ ಗೀರು ಬಿದ್ದರೆ ಬಾಡಿಗೆ ಕಂಪನಿ ನಿಮ್ಮ ಕಾರ್ಡಿನಿಂದ ಹಣ ಎಳೆದುಕೊಳ್ಳುತ್ತದೆ, ನೀವು ಬಿಲ್ಲು, ಫೋಟೋ, ಕರಾರು ಪತ್ರ ಕಳುಹಿಸಿ ಮಧ್ಯವರ್ತಿಯಿಂದ ವಾಪಸ್ ಪಡೆಯಬೇಕು. ಮೋಸವೇನಿಲ್ಲ, ದರವೂ ಅಗ್ಗ. ಆದರೆ ಕೌಂಟರ್‌ನಲ್ಲಿ ಆ ಕಾಗದಕ್ಕೆ ಬೆಲೆಯಿಲ್ಲ, ಭದ್ರತೆಗೆಂದು ನಿಮ್ಮ ಕಾರ್ಡಿನಲ್ಲಿ ತಡೆಹಿಡಿಯುವ ಡೆಪಾಸಿಟ್ಟನ್ನು ಅವರು ಪೂರ್ತಿಯಾಗಿಯೇ ಹಿಡಿದಿಡುತ್ತಾರೆ. ಕೌಂಟರ್‌ನವರು ಮಾರುವ ರಕ್ಷಣೆ ದುಬಾರಿ, ಆದರೆ ಎಕ್ಸೆಸ್ಸನ್ನೇ ಇಳಿಸುತ್ತದೆ ಅಥವಾ ತೆಗೆದುಹಾಕುತ್ತದೆ. ವಯಸ್ಸಾದವರು, ಮಗು ಜೊತೆಗಿದ್ದು, ಬಲಬದಿಯಲ್ಲಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಕೌಂಟರಿನದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಎರಡಕ್ಕೂ ಹಣ ಕಟ್ಟಬೇಡಿ, ಮಧ್ಯವರ್ತಿಯದನ್ನು ರದ್ದು ಮಾಡಲು ಇನ್ನೂ ಅವಕಾಶವಿದೆಯೇ ನೋಡಿ.

ಕಾರು ಕೈಗೆ ಬರುವಾಗ ಒಂದು ಹಾಳೆ ಕೊಡುತ್ತಾರೆ. ಕಾರಿನ ನಾಲ್ಕೂ ಬದಿಯ ರೇಖಾಚಿತ್ರದ ಮೇಲೆ ಹಳೆಯ ಗೀರುಗಳನ್ನು ಗುರುತಿಸಿರುತ್ತಾರೆ. ಗುರುತಿಲ್ಲದ ಒಂದು ಗೀರು ಕಂಡರೂ ಸಿಬ್ಬಂದಿಯನ್ನು ಕರೆದು ಬರೆಸಿ, ಆಮೇಲೆ ಸಹಿ ಹಾಕಿ. ಚಕ್ರದ ಅಂಚು, ಮುಂದಿನ ಗಾಜು, ಬಂಪರಿನ ಕೆಳಭಾಗ ಬಿಡದೆ ವೀಡಿಯೊ ಮಾಡಿಕೊಳ್ಳಿ. ವಾಪಸ್ ಕೊಡುವಾಗಲೂ ಅದೇ.

ಜ್ಯೂರಿಕ್‌ನಲ್ಲಿ ಬಿಡುವ ಯೋಚನೆ ಕೈಬಿಡಿ ಎಂದೇ ಹೇಳುತ್ತೇನೆ. ಬೇರೆ ದೇಶದಲ್ಲಿ ಕಾರು ಬಿಟ್ಟರೆ ತಗಲುವ ಶುಲ್ಕ ಕೆಲವೊಮ್ಮೆ ಬಾಡಿಗೆಯನ್ನೇ ಮೀರುತ್ತದೆ, ಗಡಿ ದಾಟಲು ಕಂಪನಿಯ ಅನುಮತಿಯೂ ಬೇಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕ್‌ನ ವಾರ್ಷಿಕ ವಿನ್ಯೆಟ್ (ಹೆದ್ದಾರಿ ಶುಲ್ಕದ ಚೀಟಿ) ಬೇರೆ, ಇಟಲಿಯ ಬಾಡಿಗೆ ಕಾರಿನಲ್ಲಿ ಅದು ಇರುತ್ತದೆ ಎಂಬ ಖಾತ್ರಿಯಿಲ್ಲ. ಮಿಲಾನ್‌ನಲ್ಲೇ ಕಾರು ಬಿಟ್ಟರೆ ಜ್ಯೂರಿಕ್‌ಗೆ ನೇರ ರೈಲಿದೆ. ಅಪ್ಪ ಅಮ್ಮನಿಗೂ ಅದೇ ಸುಖ.

ಪ್ರಶ್ನೆ (ಮಲ್ಲೇಶ್ವರದ ಸದಸ್ಯ): ಕಾರಿನ ಡೆಪಾಸಿಟ್ಟಿಗೆ ಡೆಬಿಟ್ ಕಾರ್ಡ್ ನಡೆಯುತ್ತದೆಯೇ ಸರ್? ನಮ್ಮದೂ ಜೂನ್‌ನಲ್ಲಿ ಇಂಥದೇ ಪ್ರವಾಸ.

ಉತ್ತರ: ಅದನ್ನು ನಂಬಿಕೊಂಡು ಹೋಗಬೇಡಿ. ಹೆಚ್ಚಿನ ಕಡೆ ಮುಖ್ಯ ಚಾಲಕನ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಹೆಂಡತಿಯ ಕಾರ್ಡ್ ಇದ್ದು ಗಂಡ ಚಾಲಕನಾದರೂ ಕಾರು ಕೊಡುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಚಾಲೂ ಮಾಡಿಕೊಳ್ಳಿ, ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ. ಡೆಪಾಸಿಟ್ ಹಿಡಿದ ಮೇಲೂ ಹೋಟೆಲ್ಲಿಗೆ ಸಾಕಾಗುವಷ್ಟು ಮಿತಿ ಉಳಿಯಬೇಕು.

ಪ್ರಶ್ನೆ (ಬನಶಂಕರಿಯ ಸದಸ್ಯೆ): ಸರ್, ಕೊನೆಯದಾಗಿ ಒಂದು. ನಾವಿಬ್ಬರೂ ಕಾರು ಓಡಿಸುತ್ತೇವೆ. ಲೈಸೆನ್ಸ್ ಡಿಜಿಲಾಕರ್‌ನಲ್ಲಿದೆ, ಸಾಕೇ?

ಉತ್ತರ: ಸಾಲದು ಮೇಡಂ. ಮೂಲ ಕಾರ್ಡ್ ಬೇಕು, ಅದರ ಜೊತೆಗೆ ಇಟಲಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಸರ್ಕಾರದ ಲೈಸೆನ್ಸ್ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಫಾರಂ 4ಎ ತುಂಬಿ, 1,000 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಆರ್‌ಟಿಒದಿಂದ ಪಡೆಯಬೇಕು. ಪಾಸ್‌ಪೋರ್ಟ್, ವೀಸಾ ಪ್ರತಿ ಕೇಳುತ್ತಾರೆ, ಆದ್ದರಿಂದ ವೀಸಾ ಬಂದ ದಿನವೇ ಅರ್ಜಿ ಹಾಕಿ. ಇಬ್ಬರಿಗೂ ಬೇರೆ ಬೇರೆ ಮಾಡಿಸಬೇಕು. ಅಂತರಜಾಲದಲ್ಲಿ ಡಾಲರಿಗೆ ಮಾರುವ 'ಅಂತರರಾಷ್ಟ್ರೀಯ ಲೈಸೆನ್ಸ್' ಪುಸ್ತಿಕೆಗಳ ಹತ್ತಿರವೂ ಸುಳಿಯಬೇಡಿ.

ಇಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿರಲಿ, ಎರಡನೇ ಚಾಲಕನಿಗೆ ದಿನಕ್ಕಿಷ್ಟು ಎಂದು ಶುಲ್ಕವಿರುತ್ತದೆ. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ನೀವು ಕೊಂಡ ರಕ್ಷಣೆ ಬಿದ್ದುಹೋಗುತ್ತದೆ.

ಫ್ಲಾರೆನ್ಸ್‌ನ ಹಳೆಯ ಊರಿನೊಳಗೆ ಕಾರು ನುಗ್ಗಿಸಬೇಡಿ. 'ಝಡ್‌ಟಿಎಲ್' ಎಂಬ ಫಲಕ ಕಂಡರೆ ಅದು ಒಳಗೆ ಹೋಗಲು ವಿಶೇಷ ಅನುಮತಿ ಇರುವ ವಾಹನಗಳಿಗೆ ಮಾತ್ರ ಮೀಸಲಾದ ವಲಯ, ಕ್ಯಾಮೆರಾ ನಂಬರ್ ಪ್ಲೇಟು ಹಿಡಿಯುತ್ತದೆ. ದಂಡದ ನೋಟಿಸು ತಿಂಗಳುಗಳ ನಂತರ ಬನಶಂಕರಿಯ ಮನೆಗೇ ಬರಬಹುದು. ದಂಡ ಹಾಕುವವರಿಗೆ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯೂ ಕಾರ್ಡಿನಿಂದ ಶುಲ್ಕ ಎಳೆಯುತ್ತದೆ. ಯಾವ ವಿಮೆಯೂ ದಂಡ ಕಟ್ಟುವುದಿಲ್ಲ. ಮಗಳಿಗೆ ಕಾರಿನಲ್ಲಿ ಕೂರಿಸುವ ಮಕ್ಕಳ ಸುರಕ್ಷತಾ ಆಸನ ಈಗಲೇ ಬುಕ್ ಮಾಡಿ, ಇಟಲಿಯಲ್ಲಿ 150 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಅದು ಕಡ್ಡಾಯ. ಅಪ್ಪನ ಪಾಲಿಸಿ ತಿದ್ದುಪಡಿಯಾಗಿ ಬಂದ ಮೇಲೆ ಕಾಯಿಲೆಯ ಪುಟವನ್ನು ಹೆಸರು, ನಂಬರು ಮುಚ್ಚಿ ಇಲ್ಲಿ ಹಾಕಿ, ಒಮ್ಮೆ ಓದಿ ಹೇಳುತ್ತೇನೆ.