ಉದ್ಯಮಿಯ ಬದುಕನ್ನು ಸಿನಿಮಾ ಮಾಡುವಾಗ ಏನನ್ನು ಬಿಡಬೇಕು?

ಹೊಸ_ಸ್ಕ್ರಿಪ್ಟ್:
ಸಾಫ್ಟ್‌ವೇರ್ ಕಂಪನಿ ಕಟ್ಟಿದ ಒಬ್ಬರ ಬಗ್ಗೆ ಚಿತ್ರಕಥೆ ಬರೆಯುತ್ತಿದ್ದೇನೆ. ಬಾಲ್ಯ, ಕಾಲೇಜು, ಸಾಲ, ಸೋಲು, ಗೆಲುವು ಎಲ್ಲಾ ಇದೆ. ಆದರೆ ಓದಿದರೆ ಬಯೋಡೇಟಾ ಓದಿದ ಹಾಗಾಗುತ್ತದೆ. ಡ್ಯಾನಿ ಬಾಯ್ಲ್ ಅವರ 2015ರ ‘ಸ್ಟೀವ್ ಜಾಬ್ಸ್’ ಸಿನಿಮಾ ಮತ್ತೆ ನೋಡಿದೆ. ಇರುವುದು ಮೂರೇ ಸಂದರ್ಭ: 1984ರ ಮ್ಯಾಕಿಂಟಾಷ್, 1988ರ ನೆಕ್ಸ್ಟ್, 1998ರ ಐಮ್ಯಾಕ್ ಕಂಪ್ಯೂಟರ್‌ಗಳ ಬಿಡುಗಡೆ. ಐಫೋನ್ ಮಾತೇ ಇಲ್ಲ. ಆದರೂ ಆ ಮನುಷ್ಯ ಪೂರ್ತಿ ಅರ್ಥವಾಗುತ್ತಾನೆ. ಹೇಗೆ? ನಾನು ಯಾವುದನ್ನು ಕತ್ತರಿಸಲಿ?

ಎಡಿಟಿಂಗ್_ಟೇಬಲ್:
ಘಟನೆ ದೊಡ್ಡದೋ ಚಿಕ್ಕದೋ ಅಂತ ನೋಡಬೇಡಿ. ನಿಮ್ಮ ನಾಯಕನಿಂದ ಯಾರಿಗೆ ಏನು ಬೇಕು, ಅವನು ಯಾಕೆ ಕೊಡುತ್ತಿಲ್ಲ, ಅದನ್ನು ನೋಡಿ. ಆ ಸಿನಿಮಾದಲ್ಲಿ ಜಾಬ್ಸ್ ಜೊತೆ ಸೇರಿ ಆಪಲ್ ಕಂಪನಿ ಕಟ್ಟಿದ ವೋಜ್ನಿಯಾಕ್ ಕೇಳುವುದು ಇಷ್ಟೇ, ಹಳೆಯ ಕಂಪ್ಯೂಟರ್ ಆಪಲ್ 2 ಮಾಡಿದ ತಂಡಕ್ಕೆ ವೇದಿಕೆಯ ಮೇಲೆ ಒಂದು ಥ್ಯಾಂಕ್ಸ್ ಹೇಳು ಅಂತ. 1984ರಲ್ಲಿ ಕೇಳುತ್ತಾನೆ, 1998ರಲ್ಲಿ ಮತ್ತೆ ಅದನ್ನೇ ಕೇಳುತ್ತಾನೆ, ಅಷ್ಟೊತ್ತಿಗೆ ಆ ಚಿಕ್ಕ ಮಾತಿನ ಮೇಲೆ ಒಂದು ಸ್ನೇಹವೇ ನಿಂತಿರುತ್ತದೆ. ಜಾಬ್ಸ್ ಮಗಳು ಲೀಸಾಳದ್ದೂ ಹೀಗೆಯೇ. ಮೂರು ವಯಸ್ಸಿಗೆ ಮೂವರು ನಟಿಯರು, ಆದರೆ ಅವಳಿಗೆ ಬೇಕಾದದ್ದು ಬದಲಾಗುವುದಿಲ್ಲ.

ಫ್ಲ್ಯಾಶ್‌ಬ್ಯಾಕ್ ಬಳಸಿರುವ ರೀತಿಯನ್ನೂ ಗಮನಿಸಿ. 1985ರಲ್ಲಿ ಜಾಬ್ಸ್ ಕೈಯಿಂದ ಆಪಲ್ ಕಂಪನಿ ಜಾರಿದ ರಾತ್ರಿಯನ್ನು ಬೇರೆಯಾಗಿ ಕೂತು ಹೇಳುವುದಿಲ್ಲ. 1988ರಲ್ಲಿ ಆಪಲ್‌ನ ಆಗಿನ ಸಿಇಒ ಸ್ಕಲ್ಲಿ ಜೊತೆ ಜಗಳ ನಡೆಯುತ್ತಿರುವಾಗಲೇ ಆ ರಾತ್ರಿ ಮಧ್ಯೆ ಮಧ್ಯೆ ನುಗ್ಗುತ್ತದೆ. ಇಬ್ಬರೂ ಹಳೆಯದನ್ನು ಎತ್ತಿ ಎತ್ತಿ ಹೊಡೆದಾಡುತ್ತಾರೆ, ನಮಗೆ ಮಾಹಿತಿ ತಾನಾಗಿ ಸಿಗುತ್ತದೆ. ನಿಮ್ಮ ಬಾಲ್ಯದ ದೃಶ್ಯ ಹೀಗೆ ಯಾವುದಾದರೂ ಜಗಳದೊಳಗೆ ಬರುತ್ತದಾ? ಬರದಿದ್ದರೆ ತೆಗೆದುಬಿಡಿ.

ಕ್ಯಾಮೆರಾ_ಕಣ್ಣು:
ಮೇಲಿನವರ ಮಾತು ಸರಿ, ಆದರೆ ಅಷ್ಟೊಂದು ಮಾತಿರುವ ಸಿನಿಮಾ ಬೇಜಾರಾಗದೆ ಇರುವುದಕ್ಕೆ ಬರವಣಿಗೆ ಒಂದೇ ಕಾರಣ ಅಲ್ಲ. ಛಾಯಾಗ್ರಾಹಕ ಆಲ್ವಿನ್ ಕುಕ್ಲರ್ ಮೊದಲ ಭಾಗವನ್ನು 16 ಎಂಎಂ ಫಿಲ್ಮ್‌ನಲ್ಲಿ, ಎರಡನೆಯದನ್ನು 35 ಎಂಎಂ ಫಿಲ್ಮ್‌ನಲ್ಲಿ, ಮೂರನೆಯದನ್ನು ಡಿಜಿಟಲ್‌ನಲ್ಲಿ ತೆಗೆದರು. ಕಾಲ ಬದಲಾದದ್ದು ಕಣ್ಣಿಗೇ ತಿಳಿಯುತ್ತದೆ. ನಿಮ್ಮ ಹತ್ತಿರ ಅಷ್ಟು ದುಡ್ಡಿಲ್ಲದಿದ್ದರೆ ಒಂದೇ ಕ್ಯಾಮೆರಾ ಸಾಕು, ಒಂದೊಂದು ಭಾಗಕ್ಕೆ ಬೆಳಕನ್ನೋ ಲೆನ್ಸನ್ನೋ ಬದಲಿಸಿ. ಇನ್ನೊಂದು, ಅವರು ಒಂದು ಭಾಗದ ರಿಹರ್ಸಲ್ ಮುಗಿಸಿ, ಅದನ್ನು ಚಿತ್ರೀಕರಿಸಿ, ಆಮೇಲೆ ಮುಂದಿನ ಭಾಗಕ್ಕೆ ಹೋದರು. ಉದ್ದುದ್ದ ಸಂಭಾಷಣೆ ಬರೆಯುವವರು ರಿಹರ್ಸಲ್‌ಗೆ ಮೊದಲೇ ದಿನ ಎತ್ತಿಡಬೇಕು. ದಯವಿಟ್ಟು ಇದನ್ನು ಕೊನೆಗೆ ತಳ್ಳಬೇಡಿ.

ಸುಮ್ನೆ_ನೋಡುಗ:
ನನಗೆ ಒಂದು ತಕರಾರಿದೆ. ಪ್ರತಿ ಬಿಡುಗಡೆಗೂ ಮುಂಚೆ ಎಲ್ಲರೂ ಸಾಲಾಗಿ ಬಂದು ಜಗಳ ಆಡಿದ್ದು ನಿಜವಲ್ಲ, ಅದು ಚಿತ್ರಕಥೆ ಬರೆದ ಸಾರ್ಕಿನ್ ಕಟ್ಟಿದ್ದು. ನೋಡಿದವರಲ್ಲಿ ಎಷ್ಟೋ ಜನ ಅದನ್ನೇ ಇತಿಹಾಸ ಅಂದುಕೊಳ್ಳುತ್ತಾರೆ.

ಎಡಿಟಿಂಗ್_ಟೇಬಲ್:
ಒಪ್ಪುತ್ತೇನೆ, ಅದು ಸಣ್ಣ ವಿಷಯ ಅಲ್ಲ. ಆದರೆ ಅಲ್ಲಿ ಬರುವ ಮನಸ್ತಾಪಗಳು ಗಾಳಿಯಲ್ಲಿ ಹುಟ್ಟಿದವಲ್ಲ. ಲೀಸಾ ತನ್ನ ಮಗಳಲ್ಲ ಅಂತ ಜಾಬ್ಸ್ ಮೊದಲು ನಿರಾಕರಿಸಿದ್ದು ನಿಜ. ಸಮಯ, ಜಾಗ ಜೋಡಿಸಿಕೊಳ್ಳಬಹುದು, ಯಾರೂ ಮಾಡದ ತಪ್ಪನ್ನು ಅವರ ತಲೆಗೆ ಕಟ್ಟಬಾರದು. ಪ್ರಶ್ನೆ ಕೇಳಿದವರೇ, ನಿಮ್ಮ ನಾಯಕನ ಹತ್ತಿರ ಏನೋ ಕೇಳಿ ಸಿಗದೆ ಹೋದವರು ಯಾರು ಅಂತ ಇಲ್ಲಿ ಬರೆಯಿರಿ, ಯಾವ ದಿನಗಳನ್ನು ಇಟ್ಟುಕೊಳ್ಳಬೇಕು ಅಂತ ಅಲ್ಲಿಂದ ನೋಡೋಣ.